ಮೇಜಿಗೆ ಹೋದವಳು

ಹೆರ್ಮೀನಾ ಮೇಜಿಗೆ ಹೋದಳೆಂಬ ಒಂದೇ ಕಾರಣಕ್ಕೆ ಊರು ಅವಳ ಮೇಲೆ ಕಣ್ಣಿಟ್ಟಿತು. ಕಾಲುವೆ ದಂಡೆಯ ಆ ಡಚ್ ಊರಿನಲ್ಲಿ ಪ್ರಭುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಭಾನುವಾರ ಚರ್ಚಿನ ಬೆಂಚುಗಳೆಲ್ಲ ತುಂಬಿರುತ್ತವೆ. ಬಿಳಿ ಬಟ್ಟೆ ಹಾಸಿದ ಮೇಜಿನ ಬಳಿಗೆ ಎದ್ದು ಹೋಗುವವರು ಮಾತ್ರ ಏಳೆಂಟು ಮಂದಿ ಮುದುಕರು. ಉಳಿದವರು ತಾವು ಯೋಗ್ಯರಲ್ಲವೆಂದು ಕುಳಿತಲ್ಲೇ ಇರುತ್ತಾರೆ. ಹಾಗೆ ಕುಳಿತಿರುವುದೇ ಅಲ್ಲಿ ಭಕ್ತಿ. ಇಬ್ಬರು ಮಕ್ಕಳ ತಾಯಿ, ಇನ್ನೂ ನಲವತ್ತಾಗದ ವಿಧವೆ, ಯಾರನ್ನೂ ಕೇಳದೆ ಎದ್ದು ನಡೆದಾಗ ಪ್ರಸಂಗದ ಹೊತ್ತಿಗೆಂದು ಜನ ಬಾಯಿಗೆ ಹಾಕಿಕೊಂಡಿದ್ದ ಪೆಪ್ಪರ್‌ಮಿಂಟುಗಳು ಕರಗುವುದನ್ನೇ ಮರೆತವು.

ಆ ವಾರವೇ ಸಭೆಯ ಹಿರಿಯರಿಬ್ಬರು, ವೌಟರ್ ಮತ್ತು ಕ್ರೈನ್, ಕರಿ ಕೋಟು ತೊಟ್ಟು ಅವಳ ಮನೆಗೆ ಹೊರಟರು. ಇಬ್ಬರೂ ಬೇಡವೆಂದರೆ ಅವಳಿಗೆ ಇನ್ನು ಮೇಜಿಲ್ಲ. ಒಬ್ಬನ ಮಾತು ಸಾಲದು. ಅದು ಸಭೆಯ ಹಳೆಯ ನಿಯಮ.

"ಇವಳ ತಲೆ ಯಾರೋ ಕೆಡಿಸಿದ್ದಾರೆ ಕಣೋ," ಎಂದ ಕ್ರೈನ್, ಸೈಕಲ್ ತಳ್ಳುತ್ತ. "ಚರ್ಚಿಗೆ ಬಂದಿರೋ ಆ ಹೊಸ ಸಭಾಪಾಲಕನೇ ಇರಬೇಕು. ಸುಮ್ಮಸುಮ್ಮನೆ ನಗೋರನ್ನ ನಾನು ನಂಬಲ್ಲ."

"ನೀನು ಯಾರನ್ನ ನಂಬ್ತೀಯಪ್ಪ?"

"ನಿನ್ನನ್ನ. ಅದೂ ಬೆಳಗಿನ ಹೊತ್ತು ಮಾತ್ರ."

ವೌಟರ್ ನಗಲಿಲ್ಲ. ಗುಮಾನಿ ಅವನಿಗೂ ಇತ್ತು. ಅರವತ್ತು ದಾಟಿದರೂ, ಸಭೆಯ ಹಿರಿಯನಾಗಿದ್ದರೂ, ಅವನು ಒಮ್ಮೆಯೂ ಆ ರೊಟ್ಟಿ ಮುಟ್ಟಿದವನಲ್ಲ. ಅಯೋಗ್ಯವಾಗಿ ತಿಂದವನು ತನ್ನ ಮೇಲೆ ತಾನೇ ತೀರ್ಪು ತಂದುಕೊಳ್ಳುತ್ತಾನೆಂಬ ಮಾತು ಎದೆಹಾಲಿನ ಜೊತೆಗೇ ಒಳಗಿಳಿದಿತ್ತು. ಅವನ ಅಮ್ಮನೂ ಮುಟ್ಟಿರಲಿಲ್ಲ. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ, "ಅದರಲ್ಲಿ ನನಗೂ ಒಂದು ಚೂರು ಇತ್ತೇನೋ ವೌಟರ್?" ಎಂದು ಕೇಳಿದ್ದಳು. ಅವನು ಹೊದಿಕೆ ಸರಿಮಾಡಿದ್ದ.

ಹೆರ್ಮೀನಾ ಕುರ್ಚಿಗಳ ಮೇಲಿದ್ದ ಮಕ್ಕಳ ಒದ್ದೆ ಕಾಲುಚೀಲಗಳನ್ನು ಬಾಚಿ ತೆಗೆದಳು. ಕಾಫಿ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಇಟ್ಟು ಡಬ್ಬಿ ಮುಚ್ಚಿದಳು. ಕ್ರೈನ್‌ನ ಕಣ್ಣು ಆಗಲೇ ಕಪಾಟಿನ ಪುಸ್ತಕಗಳ ಮೇಲೆ ಹರಿದಾಡುತ್ತಿತ್ತು.

"ಏನಮ್ಮ, ನಿನಗೆ ದೇವರಿಂದ ಯಾವ ಗುರುತು ಸಿಕ್ತು? ಕನಸೋ? ಆಕಾಶದಿಂದ ದನಿಯೋ?"

"ಯಾವುದೂ ಇಲ್ಲ ಮಾಮ. ಹಸಿವಾಗಿತ್ತು."

"ಹಸಿವಾದ್ರೆ ಮನೇಲಿ ತಿನ್ನಬೇಕು. ಯಾರು ಹೇಳಿಕೊಟ್ರು? ಸಭಾಪಾಲಕ ಬಂದಿದ್ನಾ?"

"ಅವರು ಬಂದಿದ್ರೆ ನಿಮಗೆ ಬಿಸ್ಕತ್ತು ಉಳೀತಿತ್ತಾ? ನಾನೇ ಓದಿದ್ದು, ಆರಂಭದ ಸಭೆಗಳ ಚರಿತ್ರೆ. ಆಗ ದೀಕ್ಷಾಸ್ನಾನ ಆದವರೆಲ್ಲ ತಿಂತಿದ್ರಂತೆ. ಬರೋಕಾಗದವರ ಪಾಲನ್ನ ಮನೆಗೇ ಹೊತ್ಕೊಂಡು ಹೋಗ್ತಿದ್ರಂತೆ. ನಮ್ಮಲ್ಲಿ ಬಂದು ಕೂತವರಿಗೇ ಇಲ್ಲ."

ಮನೆಗೇ ಎಂಬ ಮಾತಿಗೆ ಹಾಸಿಗೆ ಹಿಡಿದಿದ್ದ ಅಮ್ಮ ನೆನಪಾಗಿ ವೌಟರ್ ಬಟ್ಟಲನ್ನು ತಟ್ಟೆಗಿಟ್ಟ. ಇವಳು ತನ್ನನ್ನು ಎಲ್ಲಿಗೆ ಎಳೆಯುತ್ತಿದ್ದಾಳೆ? ಇಷ್ಟು ನಯವಾಗಿ ಮಾತಾಡುವವರ ಮಾತಿನಡಿ ಏನೋ ಇದ್ದೇ ಇರುತ್ತದೆ.

"ಆ ಕಾಲದವರು ಏನಾದ್ರೂ ಮಾಡ್ಕೊಳ್ಳಲಿ. ದೇವರ ವಾಕ್ಯ ಏನನ್ನುತ್ತೆ?" ಎಂದು ಕ್ರೈನ್ ಬೈಬಲ್ ಬಿಚ್ಚಿದ. ಪೌಲನು ಕೊರಿಂಥದ ಸಭೆಯವರಿಗೆ ಬರೆದ ಪತ್ರವನ್ನು, ಪ್ರಭುಭೋಜನದಂದು ಯಾವಾಗಲೂ ಶುರುಮಾಡುವ ಸಾಲಿನಿಂದ ಓದಿ, ಯಾವಾಗಲೂ ನಿಲ್ಲಿಸುವ ಸಾಲಿಗೇ ನಿಲ್ಲಿಸಿದ.

"ಸ್ವಲ್ಪ ಮೇಲಿಂದ ಓದಿ ಮಾಮ. ಆಮೇಲೆ ಸ್ವಲ್ಪ ಕೆಳಗೂ."

"ಪಾಠ ಹೇಳಿಸ್ಕೊಳ್ಳೋಕೆ ಬಂದಿಲ್ಲಮ್ಮ ನಾವು."

"ಕೊಡು ಇಲ್ಲಿ," ಎಂದ ವೌಟರ್. ಅವಳ ಹುಳುಕು ಹಿಡಿಯಲೆಂದೇ ಓದತೊಡಗಿದ. ಮೇಲಿನ ಸಾಲುಗಳಲ್ಲಿ, ಅದೇ ಭೋಜನಕ್ಕೆ ಸೇರಿದ ಉಳ್ಳವರು ಯಾರಿಗೂ ಕಾಯದೆ ತಮ್ಮ ಪಾಡಿಗೆ ತಿಂದು ಕುಡಿದು ಮತ್ತೇರಿಸಿಕೊಳ್ಳುತ್ತಿದ್ದರು. ಇಲ್ಲದವರು ಹಸಿದು ತಲೆತಗ್ಗಿಸುತ್ತಿದ್ದರು. ಪೌಲನ ಸಿಟ್ಟೆಲ್ಲ ಅದರ ಮೇಲೆ. ಕೆಳಗೆ, ತೀರ್ಪಿನ ಮಾತು ಮುಗಿದ ಮೇಲೆ, ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ ಎಂದಿತ್ತು. ನಡುವೆ, ಸದಾ ಕೇಳುತ್ತ ಬಂದ ಸಾಲು: ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ. ತಿನ್ನದೆ ಕೂತಿರಲಿ ಎಂದು ಎಲ್ಲೂ ಇರಲಿಲ್ಲ.

ಮತ್ತೊಮ್ಮೆ ಓದಿದ. ಯಾರೂ ಬಚ್ಚಿಟ್ಟದ್ದಲ್ಲ, ಅವನ ಮನೆಯ ಬೈಬಲ್‌ನಲ್ಲೂ ಇದ್ದದ್ದೇ, ಎಷ್ಟೋ ಸಲ ಕಣ್ಣು ಹಾಯಿಸಿದ್ದೇ. ಆದರೆ ಮೇಜಿನ ಮುಂದೆ ಓದುವಾಗ ಇಲ್ಲಿಂದ ಶುರು, ಇಲ್ಲಿಗೆ ನಿಲುಗಡೆ ಎಂದು ಗೆರೆ ಎಳೆದವರು ಯಾರು? ಹೆರ್ಮೀನಾಳ ಮೇಲಿದ್ದ ಗುಮಾನಿ ನಿಧಾನವಾಗಿ ತಿರುಗಿ ಬೇರೆ ಕಡೆ ನೋಡತೊಡಗಿತು.

"ನಿನಗೆ ಹೆದರಿಕೆ ಆಗಲಿಲ್ವೇನಮ್ಮ?" ಎಂದು ವೌಟರ್ ಕೇಳಿದ.

"ಹೆದರಿದೆ ಮಾಮ. ದೇವರಿಗಲ್ಲ, ಬೆಂಚಿನ ಮೇಲೆ ಕೂತವರಿಗೆ."

ವೌಟರ್ ಪುಸ್ತಕ ಮುಚ್ಚಿದ. ಇಷ್ಟು ವರ್ಷ ತಾನು ಹೆದರಿದ್ದು ಯಾರಿಗೆ ಎಂದು ತನ್ನನ್ನು ಕೇಳಿಕೊಳ್ಳುವ ಧೈರ್ಯ ಆ ಕುರ್ಚಿಯಲ್ಲಿ ಅವನಿಗಾಗಲಿಲ್ಲ.

ಹೊರಗೆ ಬಂದದ್ದೇ ಕ್ರೈನ್, "ಸೊಕ್ಕು, ಬೇರೇನಿಲ್ಲ. ಅವಳಿಗೆ ಮೇಜು ಬೇಡ ಅಂತ ಸಭೆಗೆ ಹೇಳೋಣ," ಎಂದ.

"ನಾನು ಹೇಳಲ್ಲ."

"ಒಂದು ಬಟ್ಟಲು ಕಾಫಿಗೆ ನೀನೂ ಕೆಟ್ಟೆಯೇನೋ?"

"ನನಗೆ ಅವಳಲ್ಲಿ ತಪ್ಪು ಕಾಣಲಿಲ್ಲ ಅಂತ ಹೇಳ್ತೀನಿ."

ಕ್ರೈನ್ ಅವನನ್ನು ಹೊಸಬನಂತೆ ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ನಿನ್ನ ಮನೆಗೂ ಇಬ್ಬರನ್ನ ಕಳಿಸಬೇಕಾಗುತ್ತೆ."

"ಕಳಿಸು. ಬರೋರಿಗೆ ಹೇಳು, ಸ್ವಲ್ಪ ಮೇಲಿಂದ ಓದ್ಕೊಂಡು ಬರಲಿ."

ಕ್ರೈನ್ ಸೈಕಲ್ ಹತ್ತಿದ. ದಿನಾ ಕಾಲುವೆಯ ಸೇತುವೆ ಹತ್ತಿರ ವೌಟರ್‌ಗಾಗಿ ನಿಂತು ಕಾಯುತ್ತಿದ್ದವನು ಅವತ್ತು ಕಾಯಲಿಲ್ಲ.