ಬಿದ್ದು ಕಾಯುವ ಸ್ವಿಚ್ಚು

ವಿಜಯನಗರದ ನಮ್ಮ ಮನೆಯಲ್ಲಿ ಮೊದಲ ಬಿಸಿನೀರು ಮಾವನವರದು. ಸಾಕ್ಷಾತ್ ಶಿವನೇ ಬಂದು ಸಾಲಿನಲ್ಲಿ ನಿಂತರೂ ಅವನದು ಎರಡನೆಯ ಪಾಳಿ. ಮಾವ ಗಂಗಾಧರಯ್ಯನವರು ಮಿಂದು ಲಿಂಗಪೂಜೆಗೆ ಅಣಿಯಾಗುವಷ್ಟರಲ್ಲಿ ಅತ್ತೆ ಹಾಲವ್ವನೂ ಮಿಂದು, ಒದ್ದೆ ಕೂದಲಲ್ಲಿ, ಬರಿಗಾಲಲ್ಲಿ ತಾರಸಿ ಹತ್ತಿ, ಕುಂಡದ ಬಿಲ್ವದ ಗಿಡದಿಂದ ಪತ್ರೆ ಕಿತ್ತು ತರುತ್ತಾರೆ. ಅವರಿಗೆ ಮಂಡಿನೋವು. ಗಿಡಕ್ಕೆ ನೀರು ಹಾಕಿ ಏಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದೇ ಏಳಬೇಕು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಸಿಟ್ಟಿಗೆಲ್ಲ ಇದೇ ಕಾರಣ.

ಪಕ್ಕದ ಸೈಟಿನಲ್ಲಿ ಐದು ಮಹಡಿ ಎದ್ದ ಮೇಲೆ ನಮ್ಮ ಸೋಲಾರ್‌ಗೆ ಬಿಸಿಲು ಬೀಳುವುದೇ ನಿಂತುಹೋಯಿತು. ಹೀಗಾಗಿ ಹೀಟ್ ಪಂಪ್ ತರಿಸಿದೆವು. ಗಾಳಿಯ ಶಾಖವನ್ನೇ ಹೀರಿಕೊಂಡು ಟ್ಯಾಂಕಿನ ನೀರು ಕಾಯಿಸುವ ಯಂತ್ರ ಅದು. ನಮಗೂ ಮೇಲಿನ ಬಾಡಿಗೆಯವರಿಗೂ ಸೇರಿ ಒಂದೇ.

"ವೈರಿಂಗ್ ನಾನು ಮಾಡ್ತೀನಿ ಮಾವ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಐಟಿಐ ಓದಿದವಳು, ವೈರ್‌ಮನ್ ಪರ್ಮಿಟ್ ಇರುವವಳು. ಮಲ್ಲತ್ತಹಳ್ಳಿಯ ಅಪಾರ್ಟ್‌ಮೆಂಟುಗಳಿಗೆ ನನ್ನ ಕೈಯಿಂದಲೇ ಕರೆಂಟು ಬಂದಿದೆ. ಆದರೆ ಸ್ವಂತ ಮನೆಯಲ್ಲಿ ಫ್ಯೂಸ್ ಹೋದರೆ ಹೊರಗಿನವನಿಗೇ ಫೋನು. ಹಿತ್ತಲ ಗಿಡ ಮದ್ದಲ್ಲ, ಏನು ಮಾಡೋಣ!

"ಮಾಡಮ್ಮ ಸುವರ್ಣಾ" ಅಂದರು ಮಾವ. "ಆದ್ರೆ ಎಡವಟ್ಟಾದ್ರೆ ಇನ್ಮೇಲೆ ಈ ಮನೆ ಬೋರ್ಡಿಗೆ ಕೈ ಹಚ್ಚೋ ಹಾಗಿಲ್ಲ."

ಮಾಡಿದೆ. ಮೀಟರ್ ಬೋರ್ಡಿನಿಂದ ಯಂತ್ರಕ್ಕೇ ಅಂತ ಬೇರೆ ಲೈನು, ದಪ್ಪ ವೈರು. ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೆಗೆಸಿ ಹೊಸ ಅರ್ಥಿಂಗ್. ತಾರಸಿಯಲ್ಲಿ ಯಂತ್ರದ ಪಕ್ಕ, ಬಿಲ್ವದ ಕುಂಡದ ಹತ್ತಿರದ ಗೋಡೆಗೆ, ರಿಪೇರಿಗೆ ಅಲ್ಲೇ ಕರೆಂಟು ಆರಿಸಲು ಐಸೊಲೇಟರ್ ಡಬ್ಬಿ. ಕೆಳಗೆ ಬೋರ್ಡಿನಲ್ಲಿ ಇಎಲ್‌ಸಿಬಿ, ಅಂದರೆ ಕರೆಂಟು ಒಂಚೂರು ಅಡ್ಡದಾರಿ ಹಿಡಿದರೂ ಮನುಷ್ಯ ಸಾಯುವ ಮುಂಚೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ಎಲ್ಲವನ್ನೂ ಟೆಸ್ಟಿಂಗ್ ಮೀಟರ್ ಹಿಡಿದು ಪರೀಕ್ಷಿಸಿ, ಆ ಲೈನಿನ ಮೇನ್ ಆರಿಸಿ ಇಟ್ಟೆ. ಯಾಕೆಂದರೆ ಪೂಜೆ ಆಗದೆ ನಮ್ಮ ಮನೆಯಲ್ಲಿ ಮಿಕ್ಸಿಯೂ ತಿರುಗುವುದಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ತಾರಸಿಯಲ್ಲಿ ಪೂಜೆಗೆ ನಿಂತರು, ನಾನು ಕೆಳಗೆ ಹೋಳಿಗೆ ತಟ್ಟುತ್ತಿದ್ದೆ. ಮಂಗಳಾರತಿ ಮುಗಿಸಿ ಎಲ್ಲರೂ ಇಳಿದು ಬೋರ್ಡಿನ ಮುಂದೆ ಸೇರಿದರು. ಬಾಡಿಗೆಯವರೂ ಬಂದಿದ್ದರು. ಸೆರಗು ಸಿಕ್ಕಿಸಿ, ಮೇನ್ ಹಾಕಿ, ಇಎಲ್‌ಸಿಬಿ ಎತ್ತಿದೆ.

ತಟಕ್! ಬಿತ್ತು.

ಮತ್ತೆ ಎತ್ತಿದೆ, ಮತ್ತೆ ಬಿತ್ತು. ನನ್ನ ಮುಖದ ಬಣ್ಣವೂ ಅದರ ಜೊತೆಗೇ ಬಿತ್ತು.

"ಮೇಲೆ ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?"

"ಪೂಜೆ ಬಿಟ್ರೆ ನಾವೇನೂ ಮಾಡ್ಲಿಲ್ಲ ಕಣಮ್ಮ" ಅಂದರು ಅತ್ತೆ.

ಮೈದುನ ಚನ್ನವೀರೇಶ್ ಆಗಲೇ ತನ್ನ ಪರಿಚಯದ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದ್ದ. ಸ್ಪೀಕರಿನಲ್ಲಿ ಆ ಮಹಾನುಭಾವ ನುಡಿದ: "ಆ ಇಎಲ್‌ಸಿಬಿ ಕಿತ್ತಾಕಿ ಡೈರೆಕ್ಟ್ ಕೊಡಿ ಗುರು, ಆರಾಮಾಗಿ ಓಡುತ್ತೆ."

ಚನ್ನವೀರೇಶ್ ಸ್ಕ್ರೂಡ್ರೈವರ್ ತಂದೇಬಿಟ್ಟ. ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ.

"ಇದಕ್ಕೆ ಕೈ ಹಾಕಿದ್ರೆ ನೋಡು."

"ಅತ್ತಿಗೆ, ಹಳೇ ಗೀಸರ್‌ಗಳನ್ನೆಲ್ಲ ತೆಗೆಸಿದೀವಿ. ನಾಳೆ ಅಪ್ಪ ತಣ್ಣೀರು ಹುಯ್ಕೋಬೇಕಾ?"

"ಹುಯ್ಕೊಳ್ಳಲಿ! ನಾಳೆ ನಿಮ್ಮಮ್ಮ ಒದ್ದೆ ಕಾಲಲ್ಲಿ ತಾರಸಿಯ ಆ ಡಬ್ಬಿ ಮೇಲೆ ಕೈ ಊರ್ಕೊಂಡು ಏಳ್ತಾರೆ. ಸ್ವಿಚ್ಚು ಯಾಕೆ ಬೀಳ್ತಿದೆ ಅಂತ ಗೊತ್ತಾಗದೆ ಅದನ್ನ ಕಿತ್ತಾಕಿದ್ರೆ, ಅವರು ಏಳೋದೇ ಇಲ್ಲ. ತಿಳೀತಾ?"

ಮಾವನ ಎದುರು ನಾನು ಇಷ್ಟು ದನಿ ಎತ್ತಿದ್ದು ಅದೇ ಮೊದಲು. ಅವರು ಒಮ್ಮೆ ಅತ್ತೆಯನ್ನು ನೋಡಿ ಕುರ್ಚಿಯಲ್ಲಿ ಕುಳಿತರು. ನನಗಂತೂ ಒಳಗೊಳಗೇ ಹೆದರಿಕೆ. ನನ್ನ ಕೆಲಸದಲ್ಲೇ ತಪ್ಪಿದ್ದರೆ?

ತಾರಸಿ ಹತ್ತಿ ಐಸೊಲೇಟರ್ ಆರಿಸಿ ಯಂತ್ರದ ಸಂಬಂಧ ಕಡಿದು, ಕೆಳಗೆ ಬಂದು ಎತ್ತಿದೆ. ಆದರೂ ಸ್ವಿಚ್ಚು ಬಿತ್ತು. ಹಾಗಾದರೆ ಯಂತ್ರದ ತಪ್ಪಲ್ಲ. ಮೇನ್ ಆರಿಸಿ ಮತ್ತೆ ತಾರಸಿಗೆ ಹೋಗಿ, ಗೋಡೆಯುದ್ದಕ್ಕೂ ವೈರಿನ ಪೈಪು ಸವರುತ್ತಾ ಬಂದೆ. ಎಲ್ಲೂ ಪೆಟ್ಟಿಲ್ಲ. ಆಗ ಕಂಡವು ಇರುವೆಗಳು. ಕುಂಡದ ಬುಡದಿಂದ ಹೊರಟು, ಗೋಡೆ ಹತ್ತಿ, ನನ್ನ ಐಸೊಲೇಟರ್ ಡಬ್ಬಿಯೊಳಗೆ ಸಾಲಾಗಿ ನುಗ್ಗುತ್ತಿದ್ದವು, ಮದುವೆ ಊಟಕ್ಕೆ ಹೊರಟವರ ಹಾಗೆ. ಕರೆಂಟಿನ ಡಬ್ಬಿಯಲ್ಲಿ ಇರುವೆಗೇನು ಕೆಲಸ?

ಸ್ಕ್ರೂ ಬಿಚ್ಚಿದೆ. ಒಳಗೆ ವೈರು ಕಚ್ಚಿಸಿದ ಜಾಗಕ್ಕೆ ಮೂರು ಬೆರಳಿನ ವಿಭೂತಿ, ಒಂದು ದಾಸವಾಳ, ತಳದಲ್ಲಿ ಗುಟುಕು ಎಳನೀರು!

ಆಗ ಅರ್ಥವಾಯಿತು. ಆಯುಧಪೂಜೆಯಲ್ಲಿ ಮಾವ ಎಲ್ಲದರ ಮುಚ್ಚಳ ತೆಗೆದೇ ವಿಭೂತಿ ಹಚ್ಚುವವರು. ಹೊಲಿಗೆ ಯಂತ್ರವಿರಲಿ, ಮಿಕ್ಸಿಯಿರಲಿ, ದೇವರು ಒಳಗಿರುತ್ತಾನೆ ಅನ್ನುವುದು ಅವರ ವಾದ. ಇಲ್ಲೂ ಮುಚ್ಚಳ ಬಿಚ್ಚಿ, ಎಳನೀರಿನ ಅಭಿಷೇಕ ಮಾಡಿ, ಶ್ರದ್ಧೆಯಿಂದ ಮತ್ತೆ ಸ್ಕ್ರೂ ಬಿಗಿದಿದ್ದರು. ಕೇಳಿದರೆ ಯಾರೂ ಏನೂ ಮುಟ್ಟಿಲ್ಲ. ಪೂಜೆ ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲವಲ್ಲ!

"ಎಲ್ಲರೂ ಮೇಲೆ ಬನ್ನಿ!" ಅಂತ ಕೂಗಿದೆ. ಮೂರು ಮಹಡಿಗೂ ಕೇಳಿಸಿರಬೇಕು.

ಬಂದರು, ಬಗ್ಗಿ ನೋಡಿದರು. ಎಳನೀರು ಡಬ್ಬಿಯಿಂದ ಜಿನುಗಿ ಗೋಡೆ ಹಿಡಿದು ಬಿಲ್ವದ ಕುಂಡದ ತನಕ ಇಳಿದಿತ್ತು. ಅತ್ತೆ ಕೈ ಊರುವ ಜಾಗ ಇನ್ನೂ ಒದ್ದೆಯಾಗಿತ್ತು. ಚನ್ನವೀರೇಶ್ ಬೆರಳಿಂದ ಆ ಗೆರೆ ತೋರಿಸುತ್ತಾ ಹೋಗಿ ಕುಂಡದ ಹತ್ತಿರ ನಿಂತುಬಿಟ್ಟ.

"ಅತ್ತಿಗೆ, ಹೊಸ ಡಬ್ಬಿ ತರ್ತೀನಿ, ಯಾವುದು ಅಂತ ಹೇಳಿ" ಅಂದವನೇ ಅಂಗಡಿಗೆ ಓಡಿದ.

ನೆನೆದ ಐಸೊಲೇಟರ್ ಬಿಸಾಡಿ ಹೊಸದನ್ನು ಕೂರಿಸಿದೆ. ವೈರಿನ ತುದಿ ಕತ್ತರಿಸಿ ಹೊಸದಾಗಿ ಕಚ್ಚಿಸಿ, ಮತ್ತೆ ಮೀಟರ್ ಹಿಡಿದೆ. ಕೆಳಗಿಳಿದು ಎಲ್ಲರ ಮುಂದೆ ಸ್ವಿಚ್ಚು ಎತ್ತಿದೆ.

ನಿಂತಿತು! ತಾರಸಿಯಲ್ಲಿ ಯಂತ್ರದ ಫ್ಯಾನು ಗುಂಯ್ ಅಂದಿತು. ಬಾಡಿಗೆಯವರು ಚಪ್ಪಾಳೆ ಹೊಡೆದರು.

"ತಡೀರಿ" ಅಂದೆ. ಇಎಲ್‌ಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿದೆ. ತಟಕ್! ಬಿತ್ತು. ಬೆಳಿಗ್ಗೆ ಅದು ಬಿದ್ದಾಗ ಕೆಟ್ಟಿದೆ ಅಂದುಕೊಂಡವರೇ ಈಗ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದೆ. ನನಗೆ ಕುಣಿಯಬೇಕು ಅನ್ನಿಸಿತು, ಸೊಸೆ ಅಂತ ಸುಮ್ಮನಿದ್ದೆ.

ಮಾವ ವಿಭೂತಿ ಬಟ್ಟಲು ಹಿಡಿದು ಬಂದು ಬೋರ್ಡಿನ ಮುಂದೆ ತಡೆದು ನಿಂತರು. "ಹೊರಗಡೆ ಹಚ್ಚಬಹುದೇನಮ್ಮ?"

"ಮುಚ್ಚಳ ಮುಚ್ಚಿರುತ್ತೆ ಮಾವ, ಧಾರಾಳವಾಗಿ ಹಚ್ಚಿ."

ಮರುದಿನ ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಮಾವ ಬಚ್ಚಲ ಬಾಗಿಲಲ್ಲಿ ನಿಂತಿದ್ದರು, ಒಳಗೆ ಹೋಗದೆ.

"ಇವತ್ತು ಮೊದಲ ನೀರು ನಿಂದು, ಸುವರ್ಣಾ."

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ಒಂದು ಚೊಂಬಿನ ಜಾಗದಲ್ಲಿ ಹತ್ತು ಚೊಂಬು ಹುಯ್ದುಕೊಂಡೆ.

ನಾನು ಹೊರಬರುವಾಗ ಮಾವ ಟವೆಲ್ ಹೊದ್ದು, ತಮ್ಮ ಪಾಳಿಗೆ ಕಾಯುತ್ತಾ ಕುಳಿತಿದ್ದರು.