ಮುಳುಗಿಸಿಟ್ಟ ದೋಣಿ

ಕಾಲ್ಬೆರಳ ಸಂದಿಗೆ ಮೀನುಮರಿ ಬಂದು ಚುಚ್ಚುತ್ತಿದೆ, ಚುಚ್ಚುವುದಲ್ಲ, ಮುಟ್ಟಿ ಮುಟ್ಟಿ ಹೋಗುತ್ತದೆ, ಹೋಗವ್ವಾ, ನಿನಗೆ ಆಟ, ನನಗಿಲ್ಲಿ ಜೀವ ಬಾಯಿಗೆ ಬಂದಿದೆ — ಕಲ್ಲಿಗೆ ಪಾಚಿ ಹಿಡಿದು ಬೆಣ್ಣೆ ಸವರಿದ ಹಾಗಾಗಿದೆ, ಒಂದು ತಿಂಗಳಿಗೇ ಇಷ್ಟು ಪಾಚಿ, ಹಿಡಿದರೆ ಜಾರುತ್ತದೆ, ಎದೆಮಟ್ಟದ ನೀರು, ಮುಳುಗಬೇಕು, ತಡಕಬೇಕು, ತಬ್ಬಿ ಎತ್ತಬೇಕು, ನೀರೊಳಗೆ ಇರುವ ತನಕ ಕಲ್ಲು ಹಗುರ, ನೀರು ಬಿಟ್ಟು ಮೇಲೆ ಬಂದ ಕೂಡಲೇ ತನ್ನ ಗುಣ ತೋರಿಸುತ್ತದೆ, ಹತ್ತು ಹೆಜ್ಜೆ ಹೊತ್ತು ದಡದ ಕೆಸರಿಗೆ ಹಾಕಿ ಬಾ, ಮತ್ತೆ ಮುಳುಗು. ನನ್ನ ದೋಣಿಗೆ ನಾನೇ ಹಾಕಿದ ಕಲ್ಲು, ಬೇರೆ ಯಾರನ್ನಾದರೂ ಬೈಯೋಣವೆಂದರೆ ಯಾರೂ ಸಿಗುವುದಿಲ್ಲ. ಮೂವತ್ತೆರಡು ಹಾಕಿದ್ದೆ, ಒಂಬತ್ತು ತೆಗೆದಿದ್ದೇನೆ. ಆಚೆ ದಡದಲ್ಲಿ ಜಾಲಿಮರದ ಕೆಳಗೆ ಗಾದೆಮ್ಮ ಕೂತಿದ್ದಾಳೆ, ನನ್ನ ಹೆಂಡತಿ, ಮೂವತ್ತೈದು ವರ್ಷ ಈ ಬಂಗಾರಪ್ಪನ ಜೊತೆ ಬಾಳ್ವೆ ಮಾಡಿದವಳು, ಹಸಿರು ಸೀರೆ, ಪಕ್ಕದಲ್ಲಿ ಕೈಚೀಲ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಾಳೆ, ಉಸಿರು ಸಾಲುತ್ತಿಲ್ಲವಂತೆ. ನಮ್ಮ ಊರ ಹತ್ತಿರ ಹೊಳೆ ಕಿರಿದು, ಅದಕ್ಕೇ ನಮ್ಮ ಅಜ್ಜನ ಕಾಲದಿಂದ ಇಲ್ಲಿ ದೋಣಿ, ಇಲ್ಲಿ ನಿಂತರೆ ಆಚೆ ಕೂತವರು ಗಂಡಸೋ ಹೆಂಗಸೋ ಗೊತ್ತಾಗುತ್ತದೆ, ಎದೆ ಏರಿಳಿಯುವುದು ಕಾಣುವುದಿಲ್ಲ. ಮಧ್ಯಾಹ್ನದೊಳಗೆ ಕರೆತರಬೇಕು. ಪಕ್ಕದ ಮನೆಯ ಚಂದನಾ ಹಡಗಲಿ ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆಯೇ ಫೋನಿನಲ್ಲಿ ಹೇಳಿದ್ದಾಳೆ, ದೊಡ್ಡಪ್ಪಾ ಒಂದು ಆಕ್ಸಿಜನ್ ಬೆಡ್ ಖಾಲಿ ಐತಿ, ಮಧ್ಯಾಹ್ನದ ತನಕ ಹೆಂಗಾರ ಹಿಡಿದಿಡ್ತೀನಿ, ನಮ್ಮ ದಡಕ್ಕ ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ, ಗಾಡಿ ಕಳಿಸ್ತೀನಿ, ಹೊತ್ತು ಮಾಡಬ್ಯಾಡ್ರಿ. ಹೊತ್ತು ಮಾಡುತ್ತಿಲ್ಲವ್ವಾ, ಮಾಡುತ್ತಿಲ್ಲ, ಇಗೋ ಹತ್ತನೆಯದು.

ಜಾಣ ಅನ್ನಿಸಿಕೊಂಡೆನಲ್ಲ, ಅದರ ಫಲ ಇದು. ಹೋದ ವರ್ಷ ಲಾಕ್‌ಡೌನ್ ಅಂದಾಗ ಹೊಳೆಯೇ ಗಡಿ ಅಂದರು, ಆಚೆಗೆ ಬೇರೆ ಜಿಲ್ಲೆ, ದೋಣಿಯವರೇ ರೋಗ ದಾಟಿಸುತ್ತಾರೆ ಅಂದರು, ನಮ್ಮ ಮೂವರ ದೋಣಿಯನ್ನೂ ದಡಕ್ಕೆ ಎಳೆಸಿ ಸರಪಳಿ ಹಾಕಿಸಿದರು, ನನ್ನದು, ಹುಲುಗೇಶನದು, ಪಾಲಾಕ್ಷನದು. ಎರಡೂವರೆ ತಿಂಗಳು ಬೇಸಿಗೆಯ ಬಿಸಿಲು. ನೀರು ಕುಡಿದು ಬೆಳೆದ ಹಲಗೆ ಬಿಸಿಲಿಗೆ ಬಿದ್ದರೆ ಏನಾಗುತ್ತದೆಂದು ಆಫೀಸಿನವರಿಗೇನು ಗೊತ್ತು, ಕುಗ್ಗಿತು, ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿತು, ಹತ್ತಿ ತುಂಬಿ ಡಾಂಬರು ಬಳಿದು ಮತ್ತೆ ನೀರಿಗಿಳಿಸುವಷ್ಟರಲ್ಲಿ ಮಳೆಗಾಲ ಬಂದು ಹೊಳೆ ತುಂಬಿತ್ತು, ಮಲ್ಲಿಗೆ ಹೂ ಮಾರುವವರೆಲ್ಲ ಬೇರೆ ದಾರಿ ಹಿಡಿದಿದ್ದರು. ಮೊದಲಾದರೆ ಬೆಳಗ್ಗೆ ಐದಕ್ಕೇ ಹೂವಿನ ಬುಟ್ಟಿ ಬರುತ್ತಿದ್ದವು, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ, ದೋಣಿಯ ಹಲಗೆಗೆಲ್ಲ ವಾಸನೆ, ನಿನ್ನ ಗಂಡ ದಿನಾ ಮದುಮಗ ಆಗಿ ಬರ್ತಾನಲ್ಲೇ ಎಂದು ಗಾದೆಮ್ಮನಿಗೆ ಓಣಿಯ ಜಂಬಕ್ಕ ಚಾಷ್ಟಿ ಮಾಡುತ್ತಿದ್ದಳು. ಈ ವರ್ಷ ಮತ್ತೆ ಲಾಕ್‌ಡೌನ್ ಅಂದ ಕೂಡಲೇ ನಾನು ಅಪ್ಪ ಮಾಡುತ್ತಿದ್ದುದನ್ನು ಮಾಡಿದೆ. ದೋಣಿಗೆ ಕೆಲಸವಿಲ್ಲದ ದಿನಗಳಲ್ಲಿ ಅಪ್ಪ ಕಲ್ಲು ಹೇರಿ ನೀರಲ್ಲಿ ಮುಳುಗಿಸುತ್ತಿದ್ದ, ಹಲಗೆ ನೀರಲ್ಲೇ ಇದ್ದರೆ ಎಷ್ಟು ದಿನವಾದರೂ ಬಿರಿಯುವುದಿಲ್ಲ, ಹೊರಗೆ ತೆಗೆದಾಗ ಬಾಣಂತಿ ಎದ್ದ ಹಾಗೆ ದುಂಡಗಿರುತ್ತದೆ ಅನ್ನುತ್ತಿದ್ದ. ಅಪ್ಪನ ಕಾಲದಲ್ಲಿ ಕೆಳಗೆ ಬ್ಯಾರೇಜು ಇರಲಿಲ್ಲ, ಬೇಸಿಗೆಯಲ್ಲಿ ಜನ ನಡೆದೇ ಹೊಳೆ ದಾಟುತ್ತಿದ್ದರು, ಮುಳುಗಿಸಿದ ದೋಣಿ ಮೊಣಕಾಲು ನೀರಲ್ಲಿರುತ್ತಿತ್ತು, ಬೇಕೆಂದಾಗ ನಾಲ್ಕು ಮಂದಿ ಸೇರಿ ಎತ್ತುತ್ತಿದ್ದರು. ನಾನು ಆ ನಾಲ್ಕು ಮಂದಿಯನ್ನು ಮರೆತೆ. ಬ್ಯಾರೇಜಿನ ಗೇಟು ಮುಚ್ಚಿ ನೀರು ಸೊಂಟದಿಂದ ಎದೆಗೆ ಏರುತ್ತದೆಂದೂ ನೆನೆಯಲಿಲ್ಲ. ದೋಣಿ ಎಲ್ಲಪ್ಪಾ ಎಂದು ಪಂಚಾಯ್ತಿಯವರು ಕೇಳಿದಾಗ ಹೊಳೆಗೆ ಬೆರಳು ತೋರಿಸಿ, ನಂದು ಈಗ ಗಂಗಮ್ಮನ ಪಾದದಾಗ ಐತ್ರಿ, ಸರಪಳಿ ಹಾಕೋದಿದ್ರ ಮುಳುಗಿ ಹಾಕಿ ಬರ್ರಿ ಅಂದೆ, ಅವರೂ ನಕ್ಕರು. ಹುಲುಗೇಶನಿಗೂ ಪಾಲಾಕ್ಷನಿಗೂ ಹೇಳಿದೆ, ನೀವೂ ಮುಳುಗಿಸ್ರಲೇ ಎಂದು, ಅವರು ಕೇಳಲಿಲ್ಲ. ಮೀಸೆ ತಿರುವಿಕೊಂಡು ತಿರುಗಿದೆ, ಒಂದು ತಿಂಗಳು ಪೂರ್ತಿ ತಿರುಗಿದೆ.

ಹದಿನಾಲ್ಕು. ಮೇಲೆ ಬಂದು ಕಣ್ಣೊಳಗಿನ ನೀರು ಕೊಡವಿ ನೋಡಿದರೆ ಗಾದೆಮ್ಮ ಕೈ ಎತ್ತಿದಳು. ಬಹಳ ಮೇಲಕ್ಕಲ್ಲ, ಭುಜದ ತನಕ, ಬಾಗಿಲಿಗೆ ಬಂದವರಿಗೆ ತುಸು ತಡೀರಿ ಬಂದೆ ಅನ್ನುವಾಗ ಎತ್ತುತ್ತಾಳಲ್ಲ, ಅಷ್ಟು. ಬಾಯಿಬಿಟ್ಟು ಕೂಗುವುದಿಲ್ಲ ಅವಳು, ಕೂಗಲಿಕ್ಕೆ ಉಸಿರಿಲ್ಲವೋ, ಇಲ್ಲ ಹಳೆಯ ರೂಢಿಯೋ — ದೋಣಿಯವರ ಮನೆ ಹೆಂಗಸು ಆಚೆ ದಡದಿಂದ ದೋಣಿಗೆಂದು ಕೂಗಬಾರದು, ಕೂಗುವ ಹಕ್ಕು ದಾಟುವ ಮಂದಿಗೆ, ಮನೆಯವರು ಸುಮ್ಮನೆ ಕೂತು ಕಾಯಬೇಕು, ಎಲ್ಲರೂ ಹತ್ತಿದ ಮೇಲೆ ಜಾಗ ಉಳಿದರೆ ಹತ್ತಬೇಕು, ನಮ್ಮವ್ವ ಹಾಗೇ ಕಾದಳು, ಇವಳೂ ಹಾಗೇ ಕಾದಳು, ಸಂತೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಎರಡು ಮೂರು ಸರದಿ ಬಿಟ್ಟುಕೊಟ್ಟವಳು. ಕೂಗೇ ಇವತ್ತು, ಕೂಗಿದರೆ ಪಾಪ ಬರುವುದಿಲ್ಲ, ಈ ಹೊಳೆಯಲ್ಲಿ ಇವತ್ತು ನಿನ್ನನ್ನು ಬಿಟ್ಟರೆ ದಾಟುವವರು ಯಾರಿದ್ದಾರೆ. ನಾನೇ ಅಲ್ಲವೇ ಬಿಟ್ಟು ಬಂದದ್ದು, ಬಂದ್ ಆಗುವ ಹಿಂದಿನ ದಿನ, ಇದೇ ದೋಣಿಯಲ್ಲಿ, ಮಗಳು ಸೌಭಾಗ್ಯಳಿಗೆ ಎರಡನೇ ಹೆರಿಗೆ, ಗಂಡನ ಮನೆಯಲ್ಲೇ ಆಗಬೇಕು, ಅವಳ ಅತ್ತೆಗೆ ಸೊಂಟನೋವು, ಬಾಣಂತನಕ್ಕೆ ಇವಳು ಹೋಗಲೇಬೇಕು — ಬೆಲ್ಲ, ಒಣಕೊಬ್ಬರಿ, ಬೆಳ್ಳುಳ್ಳಿ, ಮೆತ್ತನೆಯ ಹಳೇ ಸೀರೆ, ಗಂಟು ಕಟ್ಟಿಕೊಂಡು ದೋಣಿಯ ಮೂತಿಗೆ ಬೆನ್ನು ಹಾಕಿ ಕೂತಿದ್ದಳು. ದೋಣಿ ಎಲ್ಲಿ ಇಡ್ತೀರಿ ಅಂದಳು. ಮುಳುಗಿಸ್ತೀನಿ ಅಂದೆ. ಬ್ಯಾಡ್ರಿ, ಕೈಗೆ ಸಿಗೋ ಹಂಗ ಇಡ್ರಿ, ಕೂಸಿಗೆ ಬಾಣಂತಿಗೆ ಯಾವ ಹೊತ್ತು ಹೆಂಗೋ ಅಂದಳು. ಸುಮ್ನಿರಲೇ, ದೋಣಿ ವಿಷ್ಯ ನಿನಗೇನು ತಿಳಿತೈತಿ, ಬಿಸಿಲಾಗ ಒಣಗಿಸಿ ಮತ್ತ ಹತ್ತಿ ತುಂಬಾಕ ನಿಮ್ಮಪ್ಪ ಬರ್ತಾನೇನು ಅಂದೆ. ಸತ್ತು ಹತ್ತು ವರ್ಷವಾದ ಮಾವನನ್ನು ಎಳೆದು ತಂದೆ, ಬಾಯಿ ನನ್ನದು, ಹಿಡಿತವಿಲ್ಲದ ಬಾಯಿ. ಅವಳು ನೀರಿಗೆ ಬೆರಳು ಇಳಿಬಿಟ್ಟಳು. ಆಚೆ ಇಳಿಯುವಾಗ ನಾನು ಇನ್ನು ಹದಿನೈದು ದಿನ ನನಗೆ ಆರಾಮ ಅಂದೆ, ನನಗೂ ಅಂದಳು, ನಕ್ಕಳು, ಹೊಳೆನೀರು ಕಣ್ಣಿಗೆ ಒತ್ತಿಕೊಂಡು ದಡ ಹತ್ತಿದಳು.

ಕೂಸು ಗಂಡು, ಎರಡು ಮುಕ್ಕಾಲು ಕೆ.ಜಿ., ಫೋನಿನಲ್ಲೇ ನೋಡಿದ್ದು. ಐದು ದಿನದಿಂದ ಗಾದೆಮ್ಮನಿಗೆ ಜ್ವರ, ನನಗೆ ಹೇಳಿದ್ದು ನಿನ್ನೆ ಸಂಜೆ. ಅಳಿಯ ಮೈಲಾರೇಶ್ ಬೆಳಗ್ಗೆ ಫೋನ್ ಮಾಡಿದ, ಮಾವಾ ನಮ್ಮ ಕಡಿ ಎಲ್ಲಿ ಕೇಳಿದ್ರೂ ಬೆಡ್ ಇಲ್ಲ, ಆಂಬುಲೆನ್ಸ್‌ನೋರು ಸಂಜಿಗೆ ನೋಡೋಣ ಅಂತಾರ, ಸೇತುವಿ ಸುತ್ತಿ ಬರಾಕ ಚೆಕ್‌ಪೋಸ್ಟ್‌ನಾಗ ಬಿಡವಲ್ರು, ಅತ್ತಿ ತಾನ ಎದ್ದು ಹೊಳಿಗೆ ನಡದು ಹೋಗ್ಯಾಳ, ದೋಣಿ ತಗೊಂಡು ಬರ್ರಿ. ತಾನೇ ಎದ್ದು ಹೋದಳು ಅನ್ನುತ್ತಾನೆ, ಬಿಟ್ಟರೇಕೆ, ಹಿಡಿದು ಕೂಡಿಸಲು ಕೈ ಇರಲಿಲ್ಲವೇ — ಇರಲಿಲ್ಲ, ನನಗೆ ಗೊತ್ತು, ತಿಂಗಳು ತುಂಬದ ಕೂಸು ಇರುವ ಮನೆ, ಇವಳೇ ಹೊಸಲಿನಾಚೆ ನಿಂತು ಯಾರೂ ಹತ್ತಿರ ಬರಬ್ಯಾಡ್ರಿ ಅಂದಿರುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತಿಲ್ಲವೇ. ಆದರೂ ಸಿಟ್ಟು ಬರುತ್ತದೆ. ಅಳಿಯ ಈಗ ಗಾಡಿ ಹುಡುಕಲು ಡಾಂಬರು ರಸ್ತೆಗೆ ಹೋಗಿದ್ದಾನಂತೆ, ಅವಳೊಬ್ಬಳೇ ಆ ಮರದ ಕೆಳಗೆ. ಹದಿನೆಂಟು. ಕಲ್ಲು ಕೆಸರಿಗೆ ಹಾಕಿ ತಿರುಗಿದರೆ ಕೈ ಎತ್ತಿದ್ದಾಳೆ. ಎಣಿಸುತ್ತಿದ್ದಾಳೆ ಬಡ್ಡಿಮಗಳು, ಒಂದೊಂದು ಕಲ್ಲಿಗೆ ಒಂದೊಂದು ಸಲ ಕೈ, ಕಂಡೆ ಕಂಡೆ ಅನ್ನುತ್ತಿದ್ದಾಳೆ, ನಡೆಸು ಅನ್ನುತ್ತಿದ್ದಾಳೆ, ನನಗೆ ನಗು ಬಂತು, ನಗಲು ಹೋಗಿ ನೀರು ಕುಡಿದೆ. ಈಜಿ ಹೋಗಬಹುದಿತ್ತು, ಅಂಬಿಗರವನು ಈಜಲಾರೆ ಎಂದರೆ ಯಾರಾದರೂ ನಂಬುತ್ತಾರೆಯೇ, ಮೂರು ವರ್ಷದ ಹಿಂದೆ ಬಲಭುಜ ಕೀಲು ತಪ್ಪಿತು, ಅಂದಿನಿಂದ ಬಲಗೈ ತಲೆಯ ಮಟ್ಟಕ್ಕೆ ಏಳುವುದಿಲ್ಲ, ಹುಟ್ಟು ಎಳೆಯಬಲ್ಲೆ, ಕಲ್ಲು ತಬ್ಬಬಲ್ಲೆ, ಈಜಿದರೆ ನಡುಹೊಳೆಯಲ್ಲಿ ನಾನೇ ಮುಗಿಯುತ್ತೇನೆ, ಮುಗಿಯದೆ ಮುಟ್ಟಿದರೂ ಅವಳನ್ನು ಈಚೆಗೆ ತರಬೇಕಲ್ಲ, ಅದಕ್ಕೆ ದೋಣಿಯೇ ಬೇಕು.

ಬಂಗಾರಣ್ಣಾ, ಎಂದು ಯಾರೋ ಅಂದರು, ಹುಲುಗೇಶ, ದಡದ ಮೇಲೆ, ದೂರ, ಬಾಯಿಗೆ ಟವೆಲ್ ಸುತ್ತಿಕೊಂಡು. ಅವನ ಮನೆಗೆ ಬೊಂಬು ಕಟ್ಟಿ ಸೀಲ್ ಮಾಡಿದ್ದಾರೆ, ಅವನಿಗೂ ಜ್ವರ, ತಪ್ಪಿಸಿಕೊಂಡು ಬಂದಿದ್ದಾನೆ. ನನ್ನ ದೋಣಿ ತಗಾ ಅಣ್ಣಾ, ಸರಪಳಿ ಕಡಿದು ಹಾಕು, ನನ್ನ ಹೆಸರು ಹೇಳು ಅಂದ. ಕಡಿಯುವುದೇನು, ಬೆಳಗ್ಗೆಯೇ ನೋಡಿ ಬಂದಿದ್ದೇನೆ ಅವನ ದೋಣಿಯನ್ನು, ಅಡಿಯಲ್ಲಿ ಮಲಗಿದರೆ ಹಲಗೆಯ ಸಂದಿಯಿಂದ ಆಕಾಶ ಕಾಣುತ್ತದೆ, ಪಾಲಾಕ್ಷನದು ಅದಕ್ಕಿಂತ ಕಡೆ. ಮೀನಿನವರ ತೆಪ್ಪಗಳನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು, ಎಲ್ಲಿ ಹಾಕಿದ್ದಾರೋ. ಪಾಲಾಕ್ಷ ಇದ್ದಿದ್ದರೆ ಈ ಹೊತ್ತಿಗೆ ನೀರಲ್ಲಿರುತ್ತಿದ್ದ, ಅವನು ಹೋಗಿ ಒಂಬತ್ತು ದಿನ, ಪ್ಲಾಸ್ಟಿಕ್ ಸುತ್ತಿ ತಂದರು, ಮುಖ ತೋರಿಸಲಿಲ್ಲ. ಊರಲ್ಲಿ ಐದು ಬಾಗಿಲು ಬಡಿದೆ ಬೆಳಗ್ಗೆ, ಒಬ್ಬರೂ ಸೊಕ್ಕಿನಿಂದ ಮಾತಾಡಲಿಲ್ಲ, ಎಲ್ಲರೂ ಕೈಮುಗಿದರು, ಮಕ್ಕಳದಾವ್ರಿ ಅಂದರು. ನಿನಗ ಹೆಗಲು ಕೊಡಾಕೂ ಬರವಲ್ದಲ್ಲೋ ಎಂದು ಹುಲುಗೇಶ ಅಳುತ್ತಿದ್ದಾನೆ, ಅಳುತ್ತಲೇ ಕೆಮ್ಮುತ್ತಾನೆ, ಮನಿಗೆ ಹೋಗಲೇ ಅಂದೆ, ಹೋಗುವುದಿಲ್ಲ, ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಇಪ್ಪತ್ತಾರು, ಕೈ. ಇಪ್ಪತ್ತೇಳು, ಕೈ, ಈ ಸಲ ತುಸು ತಡವಾಗಿ. ದಡದ ಮೇಲೆ ಅಂಗಿಯೊಳಗೆ ಫೋನು ಬಡಿದುಕೊಳ್ಳುತ್ತಿತ್ತು, ಓಡಿದೆ, ಚಂದನಾ, ದೊಡ್ಡಪ್ಪಾ ಎಲ್ಲಿಗೆ ಬಂದ್ರಿ, ಇಲ್ಲಿ ಇನ್ನೊಬ್ಬರನ್ನ ತಂದಾರ, ಸಣ್ಣ ವಯಸ್ಸು, ಡಾಕ್ಟರು ನನ್ನ ಮುಖ ನೋಡ್ತಾರ, ನಾ ಏನಂತ ಹೇಳ್ಲಿ. ಅರ್ಧ ತಾಸವ್ವಾ, ದೋಣಿ ಎದ್ದೈತಿ, ಹೊಂಟೇನಿ ಅಂದೆ. ಸುಳ್ಳು ಹೇಳಿದೆ. ಅವಳು ಫೋನ್ ಇಟ್ಟಳು, ಸುಳ್ಳೆಂದು ಅವಳಿಗೂ ಗೊತ್ತು.

ಮೂವತ್ತು, ಮೂವತ್ತೊಂದು. ಉಳಿದದ್ದು ಒಂದೇ. ಬಾ ನನ್ನವ್ವಾ, ಏಳು, ದೋಣಿಯ ಅಂಚಿಗೆ ಭುಜ ಕೊಟ್ಟು ನೂಕಿದೆ, ಮೂತಿ ಅಲ್ಲಾಡಿತು, ಗಾಳಿಗುಳ್ಳೆ ಎದ್ದವು, ಮತ್ತೆ ಕೂತಿತು. ಹಿಂಭಾಗ ಎದ್ದಿಲ್ಲ. ಮುಳುಗಿ ತಡಕಿದೆ, ಕೈಗೆ ಸಿಕ್ಕಿತು, ಚಪ್ಪಡಿ, ಅಡ್ಡಹಲಗೆಯ ಕೆಳಗೆ ಹೊಕ್ಕಿಸಿದ ಚಪ್ಪಡಿ, ಗಾದೆಮ್ಮ ಬಟ್ಟೆ ಒಗೆಯುವ ಕಲ್ಲು. ಒಗೆಯುವವಳೇ ಊರಲ್ಲಿಲ್ಲ ಎಂದು ಅದನ್ನೂ ಉರುಳಿಸಿ ತಂದಿದ್ದೆ, ಗೇಟು ಬಿಟ್ಟರೆ ನೀರಿನ ಸೆಳೆತಕ್ಕೆ ದೋಣಿ ಹೋಗಬಾರದೆಂದು, ಮೂವರು ಸೇರಿ ಹಾಕಿದ್ದು, ನಾನು, ಹುಲುಗೇಶ, ಪಾಲಾಕ್ಷ, ಬಾಯಿಗೆ ಬಂದದ್ದು ಅಂದುಕೊಂಡು ನಗುತ್ತಾ ಹಾಕಿದ್ದು, ಅಕ್ಕ ಬಂದು ಬೈದರೆ ನನ್ನ ಮೇಲೆ ಹೇಳು ಎಂದು ಪಾಲಾಕ್ಷ ಅಂದಿದ್ದ. ಅದರ ಸುತ್ತ ಮಣ್ಣು ಕೂತು ಬಿಗಿದಿದೆ. ಉಗುರಲ್ಲಿ ಕೆರೆದೆ, ಉಸಿರು ಕಟ್ಟಿತು, ಎದ್ದೆ, ಮತ್ತೆ ಮುಳುಗಿ ಎರಡೂ ಕೈ ತೂರಿಸಿ ಎತ್ತಿದೆ, ಭುಜದೊಳಗೆ ಏನೋ ಕಿತ್ತ ಹಾಗಾಯಿತು, ಕಲ್ಲು ಅಲುಗಲಿಲ್ಲ. ಬರಿಗೈಯಲ್ಲಿ ಮೇಲೆ ಬಂದೆ. ನೋಡಿದೆ. ಗಾದೆಮ್ಮ ಮರಕ್ಕೆ ಒರಗಿದ್ದಾಳೆ, ತಲೆ ಒಂದು ಕಡೆ, ಚೀಲ ಮಗ್ಗುಲಾಗಿ ಬಿದ್ದಿದೆ, ಕೈ ತೊಡೆಯ ಮೇಲೆ. ಕೈ ಎತ್ತಲಿಲ್ಲ. ಹೌದು, ಹೆಂಗೆ ಎತ್ತುತ್ತಾಳೆ, ನಾನು ಕಲ್ಲು ತಂದಿಲ್ಲವಲ್ಲ, ಕಲ್ಲು ಬಂದರೆ ಅವಳ ಕೈ, ಬರದಿದ್ದರೆ ಇಲ್ಲ, ಲೆಕ್ಕ ತಪ್ಪದ ಹೆಂಗಸು. ಬರುತ್ತದೆ ತಡಿ. ಮತ್ತೆ ಮುಳುಗಿದೆ, ಬರಲಿಲ್ಲ. ಕೆಸರಿಗೆ ನಡೆದೆ, ತೆಗೆದು ಹಾಕಿದ ರಾಶಿಯಿಂದ ಒಂದು ಕಲ್ಲು ಎತ್ತಿಕೊಂಡೆ, ಅಣ್ಣಾ ಏನು ಮಾಡಾಕ ಹತ್ತೀ ಎಂದು ಹುಲುಗೇಶ ಕೇಳುತ್ತಾನೆ, ಸುಮ್ನಿರಲೇ, ಕಲ್ಲನ್ನು ಅಪ್ಪಿಕೊಂಡು ಎದೆಮಟ್ಟದ ನೀರಿಗೆ ಹೊತ್ತು ತಂದೆ, ಈಗ ತಾನೇ ಒಳಗಿಂದ ತೆಗೆದ ಹಾಗೆ ಎಡಗೈಯಲ್ಲಿ ಮೇಲೆ ಹಿಡಿದೆ, ಅವಳಿಗೆ ಕಾಣುವ ಹಾಗೆ, ಇಗೋ ಗಾದೆಮ್ಮಾ, ಬಂತು, ಮೂವತ್ತೆರಡನೆಯದು, ಮುಗೀತು, ಇನ್ನು ಹೊರಡುವುದೇ, ಕೈ ಎತ್ತು — ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು ಅವಳಿಗೆ, ಇನ್ನೂ ತುಸು ಮೇಲೆ ಹಿಡಿಯುತ್ತೇನೆ, ನೋಡು, ಇಳಿಸುವುದಿಲ್ಲ, ನೀನು ಎತ್ತುವ ತನಕ ಇಳಿಸುವುದಿಲ್ಲ, ಭುಜದ ತನಕ ಬೇಡ, ಬೆರಳು ಎತ್ತು ಸಾಕು, ತೊಡೆಯ ಮೇಲೆ ಕೈ, ಹಸಿರು ಸೀರೆಯ ಮೇಲೆ ಕೈ, ಎತ್ತು, ಕೈ