ಕುಣಿಗೆ ಹಾಕದ ಫೋನು

ಕುಣಿಯಲ್ಲಿ ಮಾಳಿಂಗರಾಯನ ಹೆಣದ ಮಗ್ಗುಲಿಗೆ ಅವನ ಕಂಬಳಿ ಇಟ್ಟರು, ಎಲೆ-ಅಡಿಕೆಯ ಚೀಲ ಇಟ್ಟರು. ಕುರಿಗಳಿಗೆ ಲಸಿಕೆ ಹಾಕುತ್ತ ಮೂವತ್ತು ವರ್ಷ ಹಟ್ಟಿಯಿಂದ ಹಟ್ಟಿಗೆ ತಿರುಗಿದವನ ಆಸ್ತಿ ಅಷ್ಟೇ.

“ಆ ಹಳೇ ಫೋನೂ ಇಡವಾ ಸುವರ್ಣಾ,” ಎಂದರು ದನದ ದವಾಖಾನೆಯ ಸಾಹೇಬರು ಶಂಕ್ರೆಪ್ಪ. “ಭಾಳ ಜ್ವಾಪಾನ ಮಾಡ್ತಿದ್ದ. ಅವನ ಜೋಡಿನ ಹೋಗ್ಲಿ.”

ಸತ್ತವನ ಮಗಳು ಸುವರ್ಣಾ ಫೋನನ್ನು ಸೆರಗಿನಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದಳು. ಸಾಹೇಬರು ಮಾಲೆ ಹಿಡಿದುಕೊಂಡು ಬಂದದ್ದು ಯಾತಕ್ಕೆಂದು ಈಗ ತಿಳಿಯಿತು. ಊರ ಬಾಯಲ್ಲಿ ಕಳ್ಳನಾಗಿಯೇ ಅಪ್ಪ ಮಣ್ಣಾಗಬಾರದು. ಅವಳಿಗೆ ಬೇಕಾದದ್ದು ಅದೊಂದೇ. ಸೋದರಮಾವ ಕಾಳಪ್ಪ ಸಿಂದಗಿ ಕಡೆಯ ಹಟ್ಟಿಯಿಂದ ಬಂದಿದ್ದರೂ ಹೆಗಲು ಕೊಡದೆ, ದೂರ ಲಿಂಬಿಗಿಡದ ಕೆಳಗೆ ನಿಂತಿದ್ದ.

*

ಮೂರು ವರ್ಷದ ಹಿಂದೆ ಮಾಳಿಂಗರಾಯ ಕಾಳಪ್ಪನ ಹಟ್ಟಿಯ ಕುರಿಗಳಿಗೆ ಲಸಿಕೆ ಹಾಕಿ, ಸೀಸೆಯ ಫೋಟೊ ಸಮೇತ ಇಲಾಖೆಯ ಆ್ಯಪಿನಲ್ಲಿ ಬರೆದಿದ್ದ. ಅಲ್ಲಿ ನೆಟ್‌ವರ್ಕ್ ಇಲ್ಲ. ಬರೆದದ್ದು ಫೋನಿನಲ್ಲೇ ಉಳಿಯಿತು. ಸಂಜೆ ಊರಿಗೆ ಬರುವಷ್ಟರಲ್ಲಿ ಅವನ ಲಾಗಿನ್ ಬಂದ್ ಆಗಿತ್ತು; ಬರೆದದ್ದನ್ನು ಓದಬಹುದಿತ್ತು, ಕಳಿಸಲು ಆಗುತ್ತಿರಲಿಲ್ಲ. ಸಾಹೇಬರ ಫೋನ್ ಬಂತು.

“ಆ್ಯಪ್ ತಗದು ಹೊಳ್ಳಿ ಹಾಕೋ. ಸರಿ ಆಗತೈತಿ.”

“ತಗದ್ರ ಒಳಗ ಬರದದ್ದೆಲ್ಲ ಹೋಗತೈತ್ರಿ.”

“ಹೋಗ್ಲಿ ಬಿಡು.”

ಅವನು ಹೂಂ ಅಂದ, ತೆಗೆಯಲಿಲ್ಲ. ತಿಂಗಳೊಳಗೆ ರೋಗ ಬಂದು, ಕುರಿಗಳೆಲ್ಲ ಸತ್ತು ಕಾಳಪ್ಪನ ಹಟ್ಟಿಯೇ ಖಾಲಿಯಾಯಿತು. ಮಾಳಿಂಗರಾಯ ಲಸಿಕೆ ಮಾರಿಕೊಂಡು ಬರೀ ನೀರು ಚುಚ್ಚಿದ, ದಾಖಲೆಯೇ ಇಲ್ಲ ಎಂದು ಸಾಹೇಬರು ಕೈತೊಳೆದುಕೊಂಡರು. ಕೆಲಸ ಹೋಯಿತು. ಫೋನ್ ತೋರಿಸಲು ಹೋದರೆ ಕಾಳಪ್ಪ ಬಾಗಿಲು ಹಾಕಿಕೊಂಡ. ಅಂದಿನಿಂದ ಮಾಳಿಂಗರಾಯ ದಿನಾ ಅದನ್ನು ಚಾರ್ಜ್ ಮಾಡುತ್ತ, ಹಲ್ಲು ಕಡಿಯುತ್ತ ಬದುಕಿದ.

“ಇದನ್ನ ಆ ಸಾಹೇಬನ ಬಾಯಿಲೇನ ಓದಸ್ಬೇಕು,” ಅನ್ನುತ್ತಿದ್ದ ಮಗಳ ಮುಂದೆ.

*

ಸುವರ್ಣಾ ಆ್ಯಪ್ ತೆರೆದು ಫೋನನ್ನು ಶಂಕ್ರೆಪ್ಪನವರ ಕೈಗಿಟ್ಟಳು.

“ಇಡೂದಕ್ಕಿಂತ ಮೊದಲ ಓದ್ರಿ ಸಾಹೇಬ್ರ. ಎಲ್ಲಾರಿಗೂ ಕೇಳೂ ಹಂಗ.”

“ಚಸ್ಮಾ ತಂದಿಲ್ಲವಾ.”

“ಕಿಸೇದಾಗ ಐತ್ರಿ.”

ಇತ್ತು. ಮಣ್ಣು ಹಿಡಿದ ಕೈಗಳು ಹಾಗೇ ನಿಂತವು. ಸಾಹೇಬರು ತೊದಲುತ್ತ ಓದಿದರು: ಹಟ್ಟಿ ಕಾಳಪ್ಪನದು, ಕುರಿ ಅರವತ್ತೆರಡು, ಲಸಿಕೆಯ ಸೀಸೆ ಕೊಟ್ಟವರು ಶಂಕ್ರೆಪ್ಪ. ಅಲ್ಲಿಗೆ ನಿಲ್ಲಿಸಿದರು.

“ಸೀಸೆ ಮ್ಯಾಲಿನ ತಾರೀಖು ಓದ್ರಿ,” ಎಂದ ಕಾಳಪ್ಪ. ಅವನು ಯಾವಾಗಲೋ ಸಾಹೇಬರ ಬೆನ್ನ ಹಿಂದೆ ಬಂದು ಫೋನಿನ ಫೋಟೊ ನೋಡುತ್ತ ನಿಂತಿದ್ದ. “ಔಷಧದ ಅವಧಿ ಯಾವಾಗ ಮುಗದಿತ್ತು?”

“ಹಾಕೂದಕ್ಕಿಂತ... ಆರು ತಿಂಗಳ ಮೊದಲ.”

ಸುವರ್ಣಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಪ್ಪನ ಹೆಣದೆದುರು ಹಾಗಾಗಬಾರದು ಎಂದು ಅವಳಿಗೆ ಅನಿಸಲೂ ಇಲ್ಲ. ಫೋನನ್ನು ಕಿತ್ತುಕೊಂಡು ಮತ್ತೆ ಸೆರಗಿಗೆ ಸೇರಿಸಿದಳು.

ಕಾಳಪ್ಪ ಕುಣಿಗಿಳಿದ. ಭಾವನ ಕೊರಳಿನಿಂದ ಸಾಹೇಬರು ತಂದಿದ್ದ ಚೆಂಡುಹೂವಿನ ಮಾಲೆ ಬಿಡಿಸಿದ. ಮೇಲೆ ಬಂದು, ಹೆಣದ ಆ ಮಾಲೆಯನ್ನು ಶಂಕ್ರೆಪ್ಪನವರ ಕೊರಳಿಗೆ ಹಾಕಿ, ನೆಟ್ಟಗೆ ಮಾಡಿದ. ಆಮೇಲೆ ಬಗ್ಗಿ, ಭಾವನ ಕುಣಿಗೆ ಹಾಕಲು ಮೂರು ಹಿಡಿ ಮಣ್ಣು ತೆಗೆದುಕೊಂಡ.